ಕಡತ ಹೊರಟಿತೇ, ತಲುಪಿತೇ? ಕಡತ ವರ್ಗಾವಣೆ ಸ್ಕ್ರಿಪ್ಟಿನ ದೋಷ ನಿರ್ವಾಹಕವನ್ನು ಪರೀಕ್ಷಿಸುವ ಬಗೆ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ: ಪಂಚಾಯತಿಯ ದಾಖಲೆಗಳು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ರವಾನೆಯಾಗುವಾಗ ಉಂಟಾಗುವ ದೋಷಗಳು ಏಕೆ ಕಣ್ಣಿಗೆ ಬೀಳದೆ ಹೋಗುತ್ತವೆ ಎಂಬುದನ್ನು ತಿಳಿಯುವುದು, ‘ಯಶಸ್ವಿ’ ಎಂಬ ಸಂದೇಶವನ್ನು ಪರೀಕ್ಷಿಸದೆ ಒಪ್ಪದಿರಲು ಸಭೆಯಲ್ಲಿ ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದನ್ನು ಅರಿಯುವುದು. ಈ ಪಾಠಕ್ಕೆ ಗಣಕ ವಿಜ್ಞಾನದ ಪೂರ್ವಜ್ಞಾನ ಅಗತ್ಯವಿಲ್ಲ.

1. ಕೊನೆಯ ಬೋಗಿಯ ಪಾಠ

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಜಿಲ್ಲೆಯ ಜನರಿಗೆ ಪರಿಚಿತವಾದ ಸ್ಥಳ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗಗಳ ಮೂಲಕ ಬಳ್ಳಾರಿಯ ಕಡೆಗೆ ಹೋಗುವ ಮಾರ್ಗ ಕವಲೊಡೆಯುವುದು ಇಲ್ಲಿಯೇ. ಇಂತಹ ನಿಲ್ದಾಣಗಳಲ್ಲಿ ರೈಲು ಬಂದಾಗ ಪ್ರಯಾಣಿಕರ ಕಣ್ಣು ಎಂಜಿನ್ನಿನ ಕಡೆಗಿರುತ್ತದೆ. ರೈಲ್ವೆ ಸಿಬ್ಬಂದಿಯ ಕಣ್ಣು ಕೊನೆಯ ಬೋಗಿಯ ಕಡೆಗಿರುತ್ತದೆ. ಕೊನೆಯ ಬೋಗಿಯ ಹಿಂಬದಿಯಲ್ಲಿ ‘ಎಲ್‌ವಿ’ ಎಂಬ ಅಕ್ಷರಗಳ ಫಲಕವಿರುತ್ತದೆ. ರಾತ್ರಿಯ ವೇಳೆ ಕೆಂಪು ದೀಪವಿರುತ್ತದೆ. ಇದು ಕಡೆಯ ಬೋಗಿ, ಇದರ ಹಿಂದೆ ಇನ್ನೇನೂ ಉಳಿದಿಲ್ಲ ಎಂಬುದೇ ಅದರ ಅರ್ಥ.

ಎಂಜಿನ್ ನಿಲ್ದಾಣಕ್ಕೆ ಬಂದ ಮಾತ್ರಕ್ಕೆ ರೈಲು ಬಂದಿತೆಂದು ರೈಲ್ವೆ ಒಪ್ಪುವುದಿಲ್ಲ. ಮಧ್ಯದಲ್ಲಿ ಕೊಂಡಿ ಕಳಚಿ ಕೆಲವು ಬೋಗಿಗಳು ಹಿಂದೆ ಹಳಿಯ ಮೇಲೆಯೇ ಉಳಿದಿರಬಹುದು. ಅದನ್ನು ನೋಡದೆ ಮುಂದಿನ ರೈಲಿಗೆ ಅನುಮತಿ ನೀಡಿದರೆ ಅನಾಹುತ ಸಂಭವಿಸುತ್ತದೆ. ಆದುದರಿಂದ ರೈಲು ಪೂರ್ಣವಾಗಿ ತಲುಪಿದುದನ್ನು ಖಚಿತಪಡಿಸಿಕೊಂಡ ನಂತರವೇ ಆ ಹಳಿಯ ಭಾಗವನ್ನು ತೆರವೆಂದು ಪರಿಗಣಿಸಲಾಗುತ್ತದೆ. ಅಚ್ಚು ಎಣಿಸುವ ಯಂತ್ರಗಳನ್ನು ಅಳವಡಿಸಿದ ಕಡೆ, ಒಳಗೆ ಹೋದ ಅಚ್ಚುಗಳ ಸಂಖ್ಯೆಗೂ ಹೊರಗೆ ಬಂದ ಅಚ್ಚುಗಳ ಸಂಖ್ಯೆಗೂ ತಾಳೆಯಾಗಬೇಕು.

ಇಲ್ಲಿರುವ ತತ್ತ್ವ ಸರಳವಾದುದು: ಹೊರಟದ್ದು ತಲುಪಿದ್ದಕ್ಕೆ ಸಾಕ್ಷಿಯಲ್ಲ, ತಲುಪಿದ ಕಡೆಯಲ್ಲಿ ಎಣಿಸಿದಾಗ ಮಾತ್ರ ಸಾಕ್ಷಿ ದೊರೆಯುತ್ತದೆ. ಪಂಚಾಯತಿ ಕಚೇರಿಯಿಂದ ಹೊರಡುವ ಕಡತಕ್ಕೂ ಇದೇ ಶಿಸ್ತು ಬೇಕು.

2. ಸ್ಕ್ರಿಪ್ಟ್ ಮತ್ತು ದೋಷ ನಿರ್ವಾಹಕ

ಗಣಕಯಂತ್ರವು ಒಂದಾದ ಮೇಲೊಂದರಂತೆ ಪಾಲಿಸಬೇಕಾದ ಆದೇಶಗಳನ್ನು ಬರೆದಿಟ್ಟ ಚಿಕ್ಕ ಪಟ್ಟಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ‘ಸಂಜೆ ಆರು ಗಂಟೆಗೆ ಈ ಕಡತಕೋಶದಲ್ಲಿರುವ ಎಲ್ಲವನ್ನೂ ಆ ಸಂಗ್ರಹಕ್ಕೆ ನಕಲು ಮಾಡು, ನಂತರ ದಿನಚರಿಯಲ್ಲಿ ಒಂದು ಸಾಲು ಬರೆ, ನಂತರ ಕಡತಕೋಶವನ್ನು ಖಾಲಿ ಮಾಡು’ ಎಂಬುದು ಒಂದು ಸ್ಕ್ರಿಪ್ಟಿನ ತಾತ್ಪರ್ಯವಾಗಿರಬಹುದು. ಗಣಕಯಂತ್ರ ಇಟ್ಟುಕೊಳ್ಳುವ ಈ ದಿನಚರಿಯನ್ನೇ ತಂತ್ರಜ್ಞರು ಲಾಗ್ ಎಂದು ಕರೆಯುತ್ತಾರೆ.

ಆದೇಶಗಳನ್ನು ಪಾಲಿಸುವಾಗ ತೊಡಕು ಬರಬಹುದು: ವಿದ್ಯುತ್ ಹೋಗಬಹುದು, ಸಂಪರ್ಕ ಕಡಿಯಬಹುದು, ಸಂಗ್ರಹದಲ್ಲಿ ಜಾಗ ತೀರಬಹುದು, ಗುಪ್ತಪದ ಬದಲಾಗಿರಬಹುದು. ಅಂತಹ ವೇಳೆ ಏನು ಮಾಡಬೇಕೆಂದು ತಿಳಿಸುವ ಭಾಗವೇ ದೋಷ ನಿರ್ವಾಹಕ. ಅದನ್ನು ಕಚೇರಿಯ ಕಾವಲುಗಾರನಿಗೆ ಹೋಲಿಸಬಹುದು. ಕಾವಲುಗಾರನನ್ನು ನೇಮಿಸಿದ್ದೇವೆ ಎಂಬ ಸಮಾಧಾನ ಬೇರೆ. ಆತ ಎಚ್ಚರವಾಗಿದ್ದಾನೆಯೇ, ಆತನಿಗೆ ಕಾಣದ ಹಿಂಬಾಗಿಲಿದೆಯೇ, ದಿನವೂ ವೃಥಾ ಕೂಗುವುದರಿಂದ ಆತನ ಮಾತನ್ನು ಯಾರೂ ಕೇಳದಂತಾಗಿದೆಯೇ ಎಂಬ ವಿಚಾರಣೆ ಬೇರೆ. ಈ ಪಾಠವು ಎರಡನೆಯದಕ್ಕೆ ಸಂಬಂಧಿಸಿದೆ.

3. ಒಂದು ಕಲ್ಪಿತ ಪ್ರಸಂಗ

ಅಧ್ಯಯನದ ಅನುಕೂಲಕ್ಕಾಗಿ ಚಿಕ್ಕಜಾಜೂರು ಸುತ್ತಿನ ಒಂದು ಗ್ರಾಮ ಪಂಚಾಯತಿಯನ್ನು ಊಹಿಸಿಕೊಳ್ಳೋಣ. ವಾರ್ಡ್ ಸಭೆಗಳು ಮುಗಿದಿವೆ. ವಸತಿ ಸೌಲಭ್ಯ ಕೋರಿ ಬಂದ 58 ಅರ್ಜಿಗಳನ್ನು ಡಾಟಾ ಎಂಟ್ರಿ ಆಪರೇಟರ್ ಸ್ಕ್ಯಾನ್ ಮಾಡಿ ಕಡತಕೋಶದಲ್ಲಿ ಇರಿಸಿದ್ದಾರೆ. ಸಂಜೆ ಆರಕ್ಕೆ ಸ್ಕ್ರಿಪ್ಟ್ ತಾನಾಗಿ ಓಡಿದೆ. ಆ ವೇಳೆಗೆ ಮಳೆ, ಗಾಳಿ. ಸಂಪರ್ಕ ನಡುವೆ ಕಡಿದಿದೆ. 37 ಕಡತಗಳು ಪೂರ್ಣವಾಗಿ ತಲುಪಿವೆ, ಒಂದು ಅರ್ಧ ತಲುಪಿದೆ, 20 ಹೊರಡಲೇ ಇಲ್ಲ. ಆದರೆ ದಿನಚರಿಯಲ್ಲಿ ‘ವರ್ಗಾವಣೆ ಯಶಸ್ವಿ’ ಎಂಬ ಸಾಲು ಬರೆಯಲ್ಪಟ್ಟಿದೆ. ಅದರ ಬೆನ್ನಿಗೇ ಸ್ಕ್ರಿಪ್ಟ್ ಮೂಲ ಕಡತಕೋಶವನ್ನು ಖಾಲಿ ಮಾಡಿದೆ.

ಮೂರು ವಾರಗಳ ನಂತರ ಗ್ರಾಮ ಸಭೆಗೆ ಪಟ್ಟಿ ಸಿದ್ಧವಾಗುತ್ತದೆ. ಮಹಿಳೆಯೊಬ್ಬರು ತಮ್ಮ ಹೆಸರು ಕಾಣದೆ ಕಚೇರಿಗೆ ಬರುತ್ತಾರೆ. ಗಣಕಯಂತ್ರದಲ್ಲಿ ಹುಡುಕಿದ ಸಿಬ್ಬಂದಿ ‘ನಿಮ್ಮ ಅರ್ಜಿ ಬಂದೇ ಇಲ್ಲವಮ್ಮ’ ಎನ್ನುತ್ತಾರೆ. ‘ಬಂದಿಲ್ಲ ಅಂದರೆ ಹೇಗೆ ಸ್ವಾಮಿ, ಈ ಚೀಟಿ ಕೊಟ್ಟೋರು ನೀವೇ ಅಲ್ಲವೇ’ ಎಂದು ಅವರು ಸ್ವೀಕೃತಿ ಚೀಟಿಯನ್ನು ಮೇಜಿನ ಮೇಲಿಡುತ್ತಾರೆ.

ಈ ಪ್ರಸಂಗದಲ್ಲಿ ಯಾರೂ ಸುಳ್ಳು ಹೇಳಿಲ್ಲ. ಅರ್ಜಿ ಕೊಟ್ಟವರು ಕೊಟ್ಟಿದ್ದಾರೆ, ಸ್ಕ್ಯಾನ್ ಮಾಡಿದವರು ಮಾಡಿದ್ದಾರೆ, ದಿನಚರಿಯನ್ನು ನೋಡಿದವರು ನೋಡಿದ್ದಾರೆ. ಆದರೂ 21 ಕುಟುಂಬಗಳು ಪಟ್ಟಿಯಿಂದ ಹೊರಗುಳಿದಿವೆ. ಅರ್ಜಿಯ ಕಾಗದದ ಕಟ್ಟು ಕಚೇರಿಯ ಬೀರುವಿನಲ್ಲಿ ಉಳಿದಿದ್ದರೆ ಮರುಸ್ಕ್ಯಾನ್ ಸಾಧ್ಯ. ಕಾಗದವನ್ನೂ ವಿಲೇವಾರಿ ಮಾಡಿದ್ದರೆ ಆ ಕುಟುಂಬಗಳ ಪರವಾಗಿ ಉಳಿಯುವುದು ಕೈಯಲ್ಲಿರುವ ಚೀಟಿ ಮಾತ್ರ.

4. ಪತ್ತೆ ಕಾರ್ಯದ ಮೊದಲ ಮೂರು ಹೆಜ್ಜೆಗಳು

ಮೊದಲನೆಯದು, ಸ್ಥಳವನ್ನು ಕೆಡಿಸದಿರುವುದು. ದೋಷ ಕಂಡೊಡನೆ ಸ್ಕ್ರಿಪ್ಟನ್ನು ತಿದ್ದಲು ಹೊರಡಬಾರದು. ಸ್ಕ್ರಿಪ್ಟಿನ ಮತ್ತು ದಿನಚರಿಯ ಪ್ರತಿಗಳನ್ನು ಮೊದಲು ತೆಗೆದಿಡಬೇಕು. ಮೂಲ ಕಡತಗಳನ್ನು ಅಳಿಸುವ ಆದೇಶವನ್ನು ಆ ಕ್ಷಣವೇ ನಿಲ್ಲಿಸಬೇಕು. ಕಾರಣ ತಿಳಿಯುವ ಮೊದಲೇ ಮತ್ತೊಂದು ದಿನದ ಕಡತಗಳು ಹೋಗಬಾರದು.

ಎರಡನೆಯದು, ದೋಷವನ್ನು ಬೇಕೆಂದೇ ಮರುಕಳಿಸುವಂತೆ ಮಾಡುವುದು. ಬೆಲೆಯಿಲ್ಲದ ಹತ್ತು ಮಾದರಿ ಕಡತಗಳನ್ನು ಇರಿಸಿ, ವರ್ಗಾವಣೆ ನಡೆಯುತ್ತಿರುವಾಗ ಸಂಪರ್ಕದ ತಂತಿಯನ್ನು ಕಳಚಬೇಕು. ದೋಷ ನಿರ್ವಾಹಕ ಎಚ್ಚರಿಕೆ ನೀಡಿತೇ? ನೀಡದಿದ್ದರೆ ದೋಷ ಮಳೆಯದಲ್ಲ, ಕಾವಲಿನದು. ಸಂಪರ್ಕ ಕಡಿಯುವುದನ್ನು ಪಂಚಾಯತಿ ತಡೆಯಲಾರದು; ಕಡಿದದ್ದು ತಿಳಿಯದಿರುವುದನ್ನು ತಡೆಯಬಹುದು.

ಮೂರನೆಯದು, ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು. ಐದು ಕಡೆ ತಿದ್ದಿದ ಮೇಲೆ ಸ್ಕ್ರಿಪ್ಟ್ ಸರಿಯಾಗಿ ಓಡಿದರೂ ಯಾವ ತಿದ್ದುಪಡಿಯಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಪ್ರತಿ ಬದಲಾವಣೆಯ ದಿನಾಂಕ ಮತ್ತು ಕಾರಣವನ್ನು ಬರೆದಿಡಬೇಕು.

5. ಕಾವಲು ತಪ್ಪುವ ಐದು ಬಗೆಗಳು

ಮೊದಲ ಬಗೆ: ಕೂಗು ಕಾವಲುಗಾರನಿಗೆ ಕೇಳಿಸದಿರುವುದು

ವಿಂಡೋಸ್ ಗಣಕಗಳಲ್ಲಿ ಪವರ್‌ಶೆಲ್ ಎಂಬ ಸ್ಕ್ರಿಪ್ಟ್ ಭಾಷೆ ಬಳಕೆಯಲ್ಲಿದೆ. ಅದರಲ್ಲಿ ‘ಟ್ರೈ’ ಮತ್ತು ‘ಕ್ಯಾಚ್’ ಎಂಬ ಎರಡು ಭಾಗಗಳನ್ನು ಬರೆಯಬಹುದು: ಮೊದಲನೆಯದರಲ್ಲಿ ಕೆಲಸ, ಎರಡನೆಯದರಲ್ಲಿ ಕೆಲಸ ಕೆಟ್ಟರೆ ಮಾಡಬೇಕಾದುದು. ಬರೆದವರು ‘ಕ್ಯಾಚ್ ಇದೆ, ಆದುದರಿಂದ ಯಾವ ದೋಷವೂ ತಪ್ಪಿಸಿಕೊಳ್ಳದು’ ಎಂದು ನಂಬುತ್ತಾರೆ. ಆದರೆ ಪವರ್‌ಶೆಲ್ ದೋಷಗಳನ್ನು ಎರಡು ವರ್ಗವಾಗಿ ನೋಡುತ್ತದೆ. ಕೆಲಸವನ್ನೇ ನಿಲ್ಲಿಸುವ ದೋಷ ಒಂದು. ಒಂದು ಸಾಲು ದೂರು ಬರೆದು ಮುಂದಕ್ಕೆ ಸಾಗುವ ದೋಷ ಇನ್ನೊಂದು. ಕ್ಯಾಚ್ ಭಾಗಕ್ಕೆ ತಲುಪುವುದು ಮೊದಲನೆಯ ವರ್ಗ ಮಾತ್ರ. ಕಡತವನ್ನು ನಕಲು ಮಾಡುವ ಆದೇಶದ ದೋಷಗಳು ಸಾಮಾನ್ಯವಾಗಿ ಎರಡನೆಯ ವರ್ಗಕ್ಕೆ ಸೇರುತ್ತವೆ.

ಕಲ್ಪಿತ ಪ್ರಸಂಗದಲ್ಲಿ ನಡೆದದ್ದು ಇದೇ. ನಕಲಾಗದ ಪ್ರತಿ ಕಡತಕ್ಕೂ ಪರದೆಯ ಮೇಲೆ ಕೆಂಪು ಅಕ್ಷರದ ಸಾಲೊಂದು ಮೂಡಬೇಕಿತ್ತು. ಆದರೆ ಸ್ಕ್ರಿಪ್ಟ್ ನಿಗದಿತ ವೇಳೆಗೆ ತಾನಾಗಿ ಓಡುವುದರಿಂದ ಪರದೆಯೇ ತೆರೆದಿರಲಿಲ್ಲ. ಕ್ಯಾಚ್ ಭಾಗಕ್ಕೆ ಸುದ್ದಿ ತಲುಪಲಿಲ್ಲ. ಮುಂದಿನ ಆದೇಶವಾದ ‘ಯಶಸ್ವಿ ಎಂದು ಬರೆ’ ಎಂಬುದು ಎಂದಿನಂತೆ ಪಾಲನೆಯಾಯಿತು.

ಪರಿಹಾರ: ನಕಲು ಆದೇಶದೊಂದಿಗೆ ‘ಎರರ್ ಆ್ಯಕ್ಷನ್ ಸ್ಟಾಪ್’ ಎಂಬ ಸೂಚನೆಯನ್ನು ಸೇರಿಸಿದರೆ ಸಣ್ಣ ದೋಷವೂ ಕೆಲಸ ನಿಲ್ಲಿಸುವ ದೋಷವಾಗಿ ಕ್ಯಾಚ್ ಭಾಗವನ್ನು ತಲುಪುತ್ತದೆ. ಇದಕ್ಕೆ ವಿರುದ್ಧವಾದ ‘ಸೈಲೆಂಟ್ಲಿ ಕಂಟಿನ್ಯೂ’ ಎಂಬ ಸೂಚನೆಯಾಗಲಿ, ಹಳೆಯ ವಿಬಿ ಸ್ಕ್ರಿಪ್ಟುಗಳ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂಬ ಸಾಲಾಗಲಿ ಕಂಡುಬಂದರೆ, ಅಲ್ಲಿ ದೋಷದ ಬಾಯಿ ಮುಚ್ಚಲಾಗಿದೆ ಎಂದು ತಿಳಿಯಬೇಕು.

ಎರಡನೆಯ ಬಗೆ: ಸಂಖ್ಯೆಯ ಅರ್ಥ ತಪ್ಪಾಗಿ ತಿಳಿದಿರುವುದು

ಪ್ರತಿ ಕಾರ್ಯಕ್ರಮವೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಸರಿ, ಬೇರೆ ಸಂಖ್ಯೆ ಎಂದರೆ ತಪ್ಪು ಎಂಬುದು ರೂಢಿ. ಆದರೆ ವಿಂಡೋಸ್‌ನೊಂದಿಗೆ ಬರುವ ರೋಬೋಕಾಪಿ ಎಂಬ ನಕಲು ಸಾಧನಕ್ಕೆ ಈ ರೂಢಿ ಅನ್ವಯಿಸುವುದಿಲ್ಲ. ಅದರಲ್ಲಿ 0 ಎಂದರೆ ದೋಷವಿಲ್ಲ, ಆದರೆ ಯಾವ ಕಡತವೂ ನಕಲಾಗಿಲ್ಲ. 1 ಎಂದರೆ ಕಡತಗಳು ಯಶಸ್ವಿಯಾಗಿ ನಕಲಾಗಿವೆ. 2 ಎಂದರೆ ತಲುಪುವ ಕಡೆಯಲ್ಲಿ ಹೆಚ್ಚುವರಿ ಕಡತಗಳಿವೆ. 8 ಎಂದರೆ ಕೆಲವು ಕಡತಗಳು ನಕಲಾಗಲಿಲ್ಲ. 16 ಎಂದರೆ ಗಂಭೀರ ದೋಷ. ಈ ಸಂಖ್ಯೆಗಳು ಕೂಡಿಕೊಂಡೂ ಬರುತ್ತವೆ: 9 ಎಂದರೆ ಕೆಲವು ಹೋದವು, ಕೆಲವು ಹೋಗಲಿಲ್ಲ. ಒಟ್ಟಿನಲ್ಲಿ 8 ಮತ್ತು ಅದಕ್ಕಿಂತ ಹೆಚ್ಚಿನದು ವೈಫಲ್ಯ.

ಇದನ್ನರಿಯದೆ ‘ಸೊನ್ನೆಯಲ್ಲದಿದ್ದರೆ ಎಚ್ಚರಿಕೆ ನೀಡು’ ಎಂದು ಬರೆದರೆ ಫಲಿತಾಂಶ ತಲೆಕೆಳಗಾಗುತ್ತದೆ. ಕಡತಗಳು ಸರಿಯಾಗಿ ತಲುಪಿದ ದಿನ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ತಪ್ಪಿ ಬೇರೆ ಕಡತಕೋಶದಲ್ಲಿ ಸ್ಕ್ಯಾನ್ ಉಳಿಸಿ ಏನೂ ಹೋಗದ ದಿನ ಎಲ್ಲವೂ ಸರಿ ಎನ್ನುತ್ತದೆ. ದಿನವೂ ವೃಥಾ ಬಾರಿಸುವ ಗಂಟೆಯನ್ನು ಸಿಬ್ಬಂದಿ ಒಂದು ವಾರದಲ್ಲಿ ನಿಲ್ಲಿಸಿಬಿಡುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ. ಆ ನಂತರ ನಿಜವಾದ ದೋಷ ಬಂದಾಗ ಕೇಳುವವರು ಇರುವುದಿಲ್ಲ. ಆದುದರಿಂದ ಎಚ್ಚರಿಕೆಯನ್ನು ಯಾರಾದರೂ ನಿಲ್ಲಿಸಿದ್ದಾರೆ ಎಂದು ತಿಳಿದಾಗ ‘ಏಕೆ ನಿಲ್ಲಿಸಿದಿರಿ’ ಎಂದು ಗದರುವುದಕ್ಕಿಂತ ‘ಅದು ಎಷ್ಟು ಬಾರಿ ಸುಮ್ಮನೆ ಬಾರಿಸಿತ್ತು’ ಎಂದು ಕೇಳುವುದು ಹೆಚ್ಚು ಫಲಕಾರಿ.

ಮೂರನೆಯ ಬಗೆ: ಕೊನೆಯವರ ಮಾತನ್ನು ಮಾತ್ರ ಕೇಳುವುದು

ಲಿನಕ್ಸ್ ಸರ್ವರ್‌ಗಳಲ್ಲಿ ಒಂದು ಆದೇಶದ ಫಲಿತವನ್ನು ಇನ್ನೊಂದಕ್ಕೆ ಕೊಳವೆಯಂತೆ ಹರಿಸುವ ಪದ್ಧತಿಯಿದೆ. ‘ಕಡತ ಕಳುಹಿಸು, ಅದರ ವರದಿಯನ್ನು ದಿನಚರಿಗೆ ಬರೆ’ ಎಂದು ಎರಡನ್ನು ಜೋಡಿಸಿದಾಗ, ಸಾಮಾನ್ಯ ವ್ಯವಸ್ಥೆಯಲ್ಲಿ ಕೊನೆಯ ಆದೇಶದ ಫಲಿತಾಂಶವೇ ಇಡೀ ಜೋಡಣೆಯ ಫಲಿತಾಂಶವಾಗುತ್ತದೆ. ಕಳುಹಿಸುವುದು ಕೆಟ್ಟಿದ್ದರೂ ಬರೆಯುವುದು ಸರಿಯಾಗಿದ್ದರೆ ಉತ್ತರ ‘ಸರಿ’. ‘ಪೈಪ್‌ಫೇಲ್’ ಎಂಬ ಆಯ್ಕೆಯನ್ನು ಜಾರಿಗೊಳಿಸಿದಾಗ ಮಾತ್ರ ನಡುವಿನ ವೈಫಲ್ಯ ಹೊರಬರುತ್ತದೆ.

ಇದೇ ಜಾತಿಯ ಇನ್ನೊಂದು ತಪ್ಪು: ದೋಷ ನಿರ್ವಾಹಕವು ದೋಷದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವ ಮೊದಲೇ ‘ದೋಷ ಬಂದಿದೆ’ ಎಂದು ಪರದೆಯ ಮೇಲೆ ಬರೆಯುತ್ತದೆ. ಆ ಬರವಣಿಗೆ ಯಶಸ್ವಿಯಾದ ಕಾರಣ ಸಂಖ್ಯೆ ಸೊನ್ನೆಗೆ ಬದಲಾಗುತ್ತದೆ. ನಂತರ ನೋಡಿದರೆ ದೋಷದ ಸಂಖ್ಯೆಯೇ ಇಲ್ಲ. ಸಂಖ್ಯೆಯನ್ನು ಮೊದಲು ಉಳಿಸಿಕೊಳ್ಳಬೇಕು, ಮಾತು ನಂತರ.

ನಾಲ್ಕನೆಯ ಬಗೆ: ಎಲ್ಲ ದೋಷಕ್ಕೂ ಒಂದೇ ಮದ್ದು

ಕಡತ ವರ್ಗಾವಣೆಯ ಹಳೆಯ ಮತ್ತು ಪ್ರಸಿದ್ಧ ನಿಯಮಾವಳಿ ಎಫ್‌ಟಿಪಿ. 1985ರಲ್ಲಿ ಪ್ರಕಟವಾದ ಅದರ ನಿರೂಪಣೆಯಲ್ಲಿ ಸರ್ವರ್ ಮೂರು ಅಂಕಿಯ ಉತ್ತರಗಳನ್ನು ನೀಡುತ್ತದೆ. 2ರಿಂದ ಆರಂಭವಾದರೆ ಕೆಲಸ ಆಯಿತು. 226 ಎಂದರೆ ವರ್ಗಾವಣೆ ಮುಗಿಯಿತು. 4ರಿಂದ ಆರಂಭವಾದರೆ ತಾತ್ಕಾಲಿಕ ತೊಡಕು; 426 ಎಂದರೆ ನಡುವೆ ಸಂಪರ್ಕ ಮುಚ್ಚಿತು. 5ರಿಂದ ಆರಂಭವಾದರೆ ಕೋರಿಕೆಯನ್ನು ತಿದ್ದದೆ ಮತ್ತೆ ಕೇಳಿ ಪ್ರಯೋಜನವಿಲ್ಲ. 530 ಎಂದರೆ ಪ್ರವೇಶ ದೊರೆತಿಲ್ಲ, 550 ಎಂದರೆ ಕಡತ ಲಭ್ಯವಿಲ್ಲ.

ಒಳ್ಳೆಯ ದೋಷ ನಿರ್ವಾಹಕವು ಈ ಎರಡನ್ನು ಬೇರ್ಪಡಿಸುತ್ತದೆ. 4ರ ವರ್ಗಕ್ಕೆ ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. 5ರ ವರ್ಗಕ್ಕೆ ನಿಂತು ಮನುಷ್ಯರನ್ನು ಕರೆಯುತ್ತದೆ. ಭೇದವರಿಯದ ನಿರ್ವಾಹಕವು ತಪ್ಪು ಗುಪ್ತಪದವನ್ನೇ ರಾತ್ರಿಯಿಡೀ ಒಪ್ಪಿಸುತ್ತದೆ. ಹಲವು ವ್ಯವಸ್ಥೆಗಳಲ್ಲಿ ಖಾತೆಗೇ ಬೀಗ ಬೀಳುತ್ತದೆ. ಇದಲ್ಲದೆ, ಹಳೆಯ ಎಫ್‌ಟಿಪಿಯಲ್ಲಿ ಗುಪ್ತಪದವೂ ಕಡತವೂ ಮುಚ್ಚುಮರೆಯಿಲ್ಲದೆ ಸಾಗುತ್ತವೆ. ನಾಗರಿಕರ ಅರ್ಜಿಗಳನ್ನು ಕಳುಹಿಸಲು ಗೂಢಲಿಪೀಕರಣವಿರುವ ಎಸ್‌ಎಫ್‌ಟಿಪಿಯಂತಹ ವಿಧಾನವೇ ಯೋಗ್ಯ.

ಐದನೆಯ ಬಗೆ: ಅರ್ಧ ತಲುಪಿದ್ದನ್ನು ಪೂರ್ಣವೆಂದು ಎಣಿಸುವುದು

ಪ್ರಸಂಗದಲ್ಲಿ ಅರ್ಧ ತಲುಪಿದ ಒಂದು ಕಡತ ಎಲ್ಲಕ್ಕಿಂತ ಅಪಾಯಕಾರಿ. ಇಲ್ಲದ ಕಡತ ಇಲ್ಲವೆಂದು ಗೊತ್ತಾಗುತ್ತದೆ. ಅರ್ಧ ಕಡತ ಹೆಸರು ಹೊತ್ತು ಕುಳಿತಿರುತ್ತದೆ. ಮರುದಿನ ಸ್ಕ್ರಿಪ್ಟ್ ಮತ್ತೆ ಓಡಿದರೆ ‘ಈ ಹೆಸರಿನ ಕಡತ ಈಗಾಗಲೇ ಇದೆ’ ಎಂದು ಅದನ್ನು ಬಿಟ್ಟು ಮುಂದೆ ಹೋಗಬಹುದು. ಗಾತ್ರವನ್ನು ಹೋಲಿಸಿದರೂ ಸಾಲದು. ಕೆಲವು ನಕಲು ವಿಧಾನಗಳು ಕಡತಕ್ಕೆ ಬೇಕಾದ ಪೂರ್ತಿ ಜಾಗವನ್ನು ಮೊದಲೇ ಕಾದಿರಿಸುವುದರಿಂದ ಒಳಗೆ ಅರ್ಧ ಮಾತ್ರ ತುಂಬಿದ್ದರೂ ಗಾತ್ರ ಪೂರ್ಣವಾಗಿ ಕಾಣುತ್ತದೆ.

ಪರಿಹಾರ ಎರಡು ಹಂತದ್ದು. ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಕಳುಹಿಸಿ, ಪೂರ್ತಿ ತಲುಪಿದ ಮೇಲೆ ನಿಜವಾದ ಹೆಸರಿಡಬೇಕು. ಹೆಸರಿಡುವ ಮೊದಲು ಎರಡೂ ಕಡೆ ಕಡತದ ಬೆರಳಚ್ಚನ್ನು ತಾಳೆ ನೋಡಬೇಕು. ಎಸ್‌ಎಚ್‌ಎ-256 ಎಂಬ ಗಣಿತ ವಿಧಾನವು ಎಂತಹ ಕಡತಕ್ಕೂ 64 ಚಿಹ್ನೆಗಳ ಒಂದು ಗುರುತನ್ನು ನೀಡುತ್ತದೆ. ಕಡತದಲ್ಲಿ ಒಂದು ಚುಕ್ಕೆ ವ್ಯತ್ಯಾಸವಾದರೂ ಗುರುತು ಬದಲಾಗುತ್ತದೆ. ಇದೇ ಕಡತದ ‘ಎಲ್‌ವಿ’ ಫಲಕ.

6. ದೋಷದ ಸಂದೇಶವೇ ದಾಖಲೆಯಾದಾಗ

1996ರ ಜೂನ್ 4ರಂದು ಯುರೋಪಿನ ಏರಿಯನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಹೊರಟು ನಿಮಿಷ ತುಂಬುವ ಮೊದಲೇ ದಾರಿ ತಪ್ಪಿ ನಾಶವಾಯಿತು. ಅದರ ಗತಿಯನ್ನು ಅಳೆಯುವ ಗಣಕವು ಒಂದು ದೊಡ್ಡ ಸಂಖ್ಯೆಯನ್ನು ಸಣ್ಣ ಅಳತೆಯ ಕೋಶಕ್ಕೆ ತುಂಬಲು ಹೋಗಿ ಸೋತಿತು. ಆಗ ದೋಷ ನಿರ್ವಹಣೆಯ ನಿಯಮದಂತೆ ಆ ಗಣಕ ತನ್ನ ಕೆಲಸ ನಿಲ್ಲಿಸಿ ದೋಷದ ವಿವರವನ್ನು ಹೊರಗೆ ಕಳುಹಿಸಿತು. ಬದಲಿ ಗಣಕವೂ ಅದೇ ಕಾರಣದಿಂದ ಆಗಲೇ ನಿಂತಿತ್ತು. ಮುಖ್ಯ ಗಣಕವು ಆ ದೋಷದ ವಿವರವನ್ನೇ ಹಾರಾಟದ ಅಳತೆಯೆಂದು ಓದಿಕೊಂಡು ರಾಕೆಟನ್ನು ತಿರುಗಿಸಿತು. ದೋಷ ಬಂದರೆ ಯಂತ್ರಭಾಗ ಕೆಟ್ಟಿರುವುದರಿಂದಲೇ ಬಂದಿರಬೇಕು ಎಂಬ ಊಹೆಯ ಮೇಲೆ ಆ ನಿಯಮ ರಚಿತವಾಗಿತ್ತು. ಎರಡು ಗಣಕಗಳಲ್ಲೂ ಒಂದೇ ತಂತ್ರಾಂಶದ ದೋಷವಿರಬಹುದೆಂದು ಎಣಿಸಿರಲಿಲ್ಲ.

ಪಂಚಾಯತಿ ಕಚೇರಿಯಲ್ಲಿ ಇದರ ಸಣ್ಣ ರೂಪ ದೊರೆಯುತ್ತದೆ. ಜಾಲತಾಣದಿಂದ ಕಡತ ಇಳಿಸಿಕೊಳ್ಳಲು ಬಳಸುವ ಕರ್ಲ್ ಎಂಬ ಸಾಧನವು, ಕೇಳಿದ ಕಡತ ಸಿಗದಿದ್ದಾಗ ಸರ್ವರ್ ಕಳುಹಿಸುವ ‘ಪುಟ ಲಭ್ಯವಿಲ್ಲ’ ಎಂಬ ಪುಟವನ್ನೇ ಕೇಳಿದ ಹೆಸರಿನಲ್ಲಿ ಉಳಿಸಿ ‘ಸರಿ’ ಎನ್ನುತ್ತದೆ. ‘ಫೇಲ್’ ಎಂಬ ಸೂಚನೆಯನ್ನು ಸೇರಿಸಿದಾಗ ಮಾತ್ರ ದೋಷವೆಂದು ತಿಳಿಸುತ್ತದೆ. ಹೊರಗಿನಿಂದ ನೋಡಿದರೆ ಆದೇಶದ ಪಿಡಿಎಫ್ ಇದೆ, ತೆರೆದರೆ ಆದೇಶವಿಲ್ಲ. ಕಡತಗಳ ಹೆಸರನ್ನಷ್ಟೇ ಎಣಿಸುವ ಪರಿಶೀಲನೆ ಇಲ್ಲಿ ಸೋಲುತ್ತದೆ. ತಿಂಗಳಿಗೊಮ್ಮೆ ಕೆಲವು ಕಡತಗಳನ್ನಾದರೂ ತೆರೆದು ಓದಿ ನೋಡಬೇಕಾದ ಕಾರಣ ಇದು.

7. ಕೂಲಿ ಹಣದ ಉದಾಹರಣೆ

‘ಕಳುಹಿಸಲಾಗಿದೆ’ ಮತ್ತು ‘ತಲುಪಿದೆ’ ಎಂಬ ಎರಡು ಮಾತುಗಳ ಅಂತರ ಸದಸ್ಯರಿಗೆ ಹೊಸದಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಡಿ ಕೂಲಿ ಪಾವತಿಗೆ ರೂಪುಗೊಂಡ ಪದ್ಧತಿಯನ್ನು ನೆನೆಯಬಹುದು. ಹಾಜರಾತಿ ಪಟ್ಟಿಯಿಂದ ಕೂಲಿ ಪಟ್ಟಿ, ಕೂಲಿ ಪಟ್ಟಿಯಿಂದ ಡಿಜಿಟಲ್ ಸಹಿಯ ನಿಧಿ ವರ್ಗಾವಣೆ ಆದೇಶ, ಅಂದರೆ ಎಫ್‌ಟಿಒ. ಅದು ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆಯ ಮೂಲಕ ಬ್ಯಾಂಕಿನ ಕಡೆಗೆ ಸಾಗುತ್ತದೆ. ಎಫ್‌ಟಿಒ ಕೂಡ ಒಂದು ಕಡತ. ಅದಕ್ಕೆ ಸಹಿಯಾದ ಮಾತ್ರಕ್ಕೆ ಕೂಲಿ ಬಂದಂತಲ್ಲ. ಖಾತೆ ಮುಚ್ಚಿದೆ, ಆಧಾರ್ ಜೋಡಣೆಯಾಗಿಲ್ಲ ಮುಂತಾದ ಕಾರಣಗಳಿಂದ ಕೆಲವು ಪಾವತಿಗಳು ತಿರಸ್ಕೃತವಾಗಿ ಹಿಂದಿರುಗುತ್ತವೆ. ಕಾರಣವನ್ನು ಸರಿಪಡಿಸಿ ಮತ್ತೆ ಕಳುಹಿಸಬೇಕಾಗುತ್ತದೆ.

ಕೂಲಿಯನ್ನು ಕೆಲಸ ಮಾಡಿದ ದಿನದಿಂದ ಹದಿನೈದು ದಿನದೊಳಗೆ ನೀಡಬೇಕೆಂದು ಆ ಕಾಯಿದೆಯ 3ನೆಯ ಪ್ರಕರಣ ಹೇಳುತ್ತದೆ. ವಿಳಂಬಕ್ಕೆ ದಿನವೊಂದಕ್ಕೆ ಬಾಕಿ ಕೂಲಿಯ ಶೇಕಡ 0.05ರಷ್ಟು ಪರಿಹಾರವನ್ನೂ ಅದರ ಅನುಸೂಚಿ ಗೊತ್ತುಪಡಿಸಿದೆ. ಆದರೆ ತಿರಸ್ಕೃತ ಪಾವತಿಗಳ ವರದಿಯನ್ನು ತೆರೆದು ನೋಡುವವರಿಲ್ಲದಿದ್ದರೆ ದಾಖಲೆಯಲ್ಲಿ ಹಣ ಹೋಗಿರುತ್ತದೆ, ಕೂಲಿಕಾರರ ಖಾತೆಯಲ್ಲಿ ಇರುವುದಿಲ್ಲ. ಈ ಪದ್ಧತಿಯ ಒಳ್ಳೆಯ ಗುಣವೆಂದರೆ ದೋಷಕ್ಕೊಂದು ಕಾರಣದ ಹೆಸರು ಹಿಂದಿರುಗಿ ಬರುತ್ತದೆ. ಪಂಚಾಯತಿಯ ಸ್ವಂತ ಸ್ಕ್ರಿಪ್ಟಿನಿಂದಲೂ ಅಷ್ಟನ್ನು ನಿರೀಕ್ಷಿಸಬೇಕು. ಹಿಂದಿರುಗಿದ ಕಾರಣವನ್ನು ಓದುವವರೊಬ್ಬರನ್ನು ನೇಮಿಸಬೇಕು.

8. ಕಾನೂನಿನ ಆಧಾರ

ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 7ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಗಳನ್ನು ಉಳಿಸಿಕೊಳ್ಳುವ ಬಗೆಯನ್ನು ಹೇಳುತ್ತದೆ. ದಾಖಲೆಯಲ್ಲಿರುವ ಮಾಹಿತಿ ಮುಂದೆ ಬೇಕಾದಾಗ ಬಳಕೆಗೆ ದೊರೆಯುವಂತಿರಬೇಕು. ಅದು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಯಾವ ದಿನ, ಯಾವ ವೇಳೆಗೆ ಎಂಬುದನ್ನು ಗುರುತಿಸಲು ನೆರವಾಗುವ ವಿವರಗಳಿರಬೇಕು. ಮಾಹಿತಿ ಹಕ್ಕು ಕಾಯಿದೆ 2005ರ 4ನೆಯ ಪ್ರಕರಣವು ದಾಖಲೆಗಳನ್ನು ಕ್ರಮಬದ್ಧವಾಗಿ ಸೂಚಿಯೊಂದಿಗೆ ಇಡುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರದ ಮೇಲೆ ಹೊರಿಸಿದೆ. ಸಂಖ್ಯೆಯಿಲ್ಲದ, ವಿಳಾಸವಿಲ್ಲದ, ಬರಿದೆ ‘ಯಶಸ್ವಿ’ ಎಂಬ ಒಂದು ಸಾಲಿನ ದಿನಚರಿಯಿಂದ ಈ ಹೊಣೆ ತೀರುವುದಿಲ್ಲ.

9. ಸದಸ್ಯರ ಪಾತ್ರ

ಸ್ಕ್ರಿಪ್ಟ್ ಬರೆಯುವುದು ಸದಸ್ಯರ ಕೆಲಸವಲ್ಲ. ಕಾಮಗಾರಿಯ ಬಿಲ್ಲಿಗೆ ಒಪ್ಪಿಗೆ ನೀಡುವ ಮೊದಲು ಅಳತೆ ಪುಸ್ತಕವನ್ನು ಕೇಳುವ ಸದಸ್ಯರು, ಗಾರೆ ಕೆಲಸ ಬಲ್ಲವರೇ ಆಗಿರಬೇಕಿಲ್ಲ. ಅದೇ ರೀತಿಯಲ್ಲಿ ಕೆಳಗಿನ ಪ್ರಶ್ನೆಗಳನ್ನು ಸಾಮಾನ್ಯ ಸಭೆಯಲ್ಲಿ ಕೇಳಬಹುದು.

(1) ನಿನ್ನೆ ಎಷ್ಟು ಕಡತಗಳು ಹೊರಟವು, ಎಷ್ಟು ತಲುಪಿದವು? ಎರಡನೆಯ ಸಂಖ್ಯೆಯನ್ನು ತಲುಪಿದ ಕಡೆಯಲ್ಲಿ ಎಣಿಸಲಾಗಿದೆಯೇ ಅಥವಾ ಹೊರಟ ಕಡೆಯ ಸಂಖ್ಯೆಯನ್ನೇ ಮತ್ತೆ ಬರೆಯಲಾಗಿದೆಯೇ?

(2) ಸ್ವೀಕೃತಿ ವಹಿಯಲ್ಲಿರುವ ಅರ್ಜಿಗಳ ಸಂಖ್ಯೆಗೂ ಸಂಗ್ರಹದಲ್ಲಿರುವ ಕಡತಗಳ ಸಂಖ್ಯೆಗೂ ತಾಳೆಯಿದೆಯೇ?

(3) ಮೂಲ ಕಡತ ಯಾವಾಗ ಅಳಿಸಲ್ಪಡುತ್ತದೆ? ತಾಳೆ ನೋಡುವ ಮೊದಲೋ, ನಂತರವೋ?

(4) ದೋಷ ಬಂದರೆ ಯಾರ ದೂರವಾಣಿಗೆ ಸಂದೇಶ ಬರುತ್ತದೆ? ಅವರು ರಜೆಯಲ್ಲಿದ್ದರೆ?

(5) ಸ್ಕ್ರಿಪ್ಟ್ ಓಡದೆಯೇ ಹೋದ ದಿನ ಅದನ್ನು ತಿಳಿಸುವವರು ಯಾರು? ಓಡದ ಸ್ಕ್ರಿಪ್ಟಿನ ದೋಷ ನಿರ್ವಾಹಕವೂ ಓಡುವುದಿಲ್ಲ ಎಂಬುದನ್ನು ನೆನಪಿಡಬೇಕು.

(6) ಸಂಗ್ರಹದಿಂದ ಒಂದು ಕಡತವನ್ನು ಹಿಂದಕ್ಕೆ ತಂದು ತೆರೆದು ನೋಡಿದ್ದು ಕೊನೆಯ ಬಾರಿಗೆ ಯಾವಾಗ?

ಈ ಪ್ರಶ್ನೆಗಳಿಗೆ ಸಿಬ್ಬಂದಿಯ ಬಳಿ ತಕ್ಷಣ ಉತ್ತರ ಇಲ್ಲದಿದ್ದರೆ ಅದನ್ನು ಅಪರಾಧವೆಂದು ಕಾಣಬಾರದು. ದೋಷವನ್ನು ಹೇಳಿದವರು ಛೀಮಾರಿಗೆ ಗುರಿಯಾಗುವ ಕಚೇರಿಯಲ್ಲಿ ಸ್ಕ್ರಿಪ್ಟಿನಂತೆಯೇ ಮನುಷ್ಯರೂ ‘ಯಶಸ್ವಿ’ ಎಂದು ಬರೆಯಲು ಕಲಿಯುತ್ತಾರೆ. ಇಪ್ಪತ್ತೊಂದು ಅರ್ಜಿಗಳು ತಲುಪಿಲ್ಲ ಎಂದು ಮರುದಿನ ಬೆಳಿಗ್ಗೆಯೇ ಹೇಳುವ ಧೈರ್ಯ ಆಪರೇಟರ್‌ಗೆ ಇದ್ದರೆ, ಅದು ಅರ್ಧ ಗಂಟೆಯ ಮರುಸ್ಕ್ಯಾನ್ ಕೆಲಸ ಮಾತ್ರ. ಮೂರು ವಾರ ಕಳೆದು ಪಟ್ಟಿ ಅಂತಿಮವಾದ ಮೇಲೆ ಅದೇ ಮಾತು ಇಪ್ಪತ್ತೊಂದು ಮನೆಗಳ ಪ್ರಶ್ನೆಯಾಗುತ್ತದೆ.

10. ನಡಾವಳಿಯ ಮಾದರಿ

ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡು ಅಂಗೀಕರಿಸಬಹುದಾದ ನಿರ್ಣಯ:

‘ಗ್ರಾಮ ಪಂಚಾಯತಿಯ ದಾಖಲೆಗಳನ್ನು ತಂತ್ರಾಂಶದ ಮೂಲಕ ವರ್ಗಾಯಿಸುವಾಗ, ಹೊರಟ ಮತ್ತು ತಲುಪಿದ ಕಡತಗಳ ಸಂಖ್ಯೆಯನ್ನು ಪ್ರತಿದಿನ ವಹಿಯಲ್ಲಿ ನಮೂದಿಸತಕ್ಕದ್ದು. ತಲುಪಿದ ಕಡೆಯಲ್ಲಿ ತಾಳೆ ನೋಡುವವರೆಗೆ ಮೂಲ ಕಡತವನ್ನು ಅಳಿಸತಕ್ಕದ್ದಲ್ಲ. ಮೂರು ತಿಂಗಳಿಗೊಮ್ಮೆ ಮಾದರಿ ಕಡತಗಳೊಂದಿಗೆ ಸಂಪರ್ಕವನ್ನು ಉದ್ದೇಶಪೂರ್ವಕವಾಗಿ ಕಡಿದು, ದೋಷದ ಎಚ್ಚರಿಕೆ ಬರುವುದನ್ನು ಇಬ್ಬರು ಸದಸ್ಯರ ಸಮ್ಮುಖದಲ್ಲಿ ಪರೀಕ್ಷಿಸತಕ್ಕದ್ದು. ಪರೀಕ್ಷೆಯ ಫಲಿತಾಂಶವನ್ನು ಮುಂದಿನ ಸಭೆಯಲ್ಲಿ ಮಂಡಿಸತಕ್ಕದ್ದು.’

ಅಭ್ಯಾಸ

(ಅ) ನಿಮ್ಮ ಪಂಚಾಯತಿಯ ಸ್ವೀಕೃತಿ ವಹಿಯಿಂದ ಯಾವುದಾದರೂ ಹತ್ತು ಕ್ರಮಸಂಖ್ಯೆಗಳನ್ನು ಆರಿಸಿ. ಆ ಹತ್ತು ಅರ್ಜಿಗಳ ಗಣಕ ಪ್ರತಿಗಳನ್ನು ತೆರೆಯಲು ಕೋರಿ. ಎಷ್ಟು ತೆರೆದವು? ಎಲ್ಲ ಪುಟಗಳೂ ಇವೆಯೇ?

(ಆ) ರೋಬೋಕಾಪಿ 0 ಎಂಬ ಸಂಖ್ಯೆಯನ್ನು ನೀಡಿದ ದಿನ ಸ್ವೀಕೃತಿ ವಹಿಯಲ್ಲಿ 14 ಅರ್ಜಿಗಳು ನಮೂದಾಗಿದ್ದರೆ, ಆ ದಿನದ ವರ್ಗಾವಣೆಯನ್ನು ಯಶಸ್ವಿ ಎನ್ನಬಹುದೇ? ಕಾರಣ ಕೊಡಿ.

(ಇ) ಸ್ವೀಕೃತಿ ಚೀಟಿಯನ್ನು ಕಳೆದುಕೊಂಡ ಅರ್ಜಿದಾರರೊಬ್ಬರು ಬಂದು ಅರ್ಜಿ ಕೊಟ್ಟಿದ್ದೆನೆಂದು ಹೇಳಿದರೆ, ಅವರ ಮಾತನ್ನು ಪರಿಶೀಲಿಸಲು ನಿಮ್ಮ ಕಚೇರಿಯಲ್ಲಿ ಯಾವ ದಾಖಲೆಗಳು ಉಳಿದಿರುತ್ತವೆ? ಪಟ್ಟಿ ಮಾಡಿ, ಮುಂದಿನ ಸಭೆಗೆ ತನ್ನಿ.